ಹತ್ತು ದಿನ, ನಾಲ್ಕು ಪಾರ್ಕ್, ಒಂದು ಕುಕ್ಕರ್

ಗುಂಪು: ಪಿಯುಸಿ ಸೈನ್ಸ್ 94, ಉಡುಪಿ
ಜನವರಿ 4, ಭಾನುವಾರ

ಪ್ರಸನ್ನ ಕಾಪು: [ಫೈಲ್: ಅಮೆರಿಕ_ಕ್ಯಾಂಪಿಂಗ್_ಫೈನಲ್]
ಜುಲೈ 10ರಿಂದ 19. ಡೆನ್ವರಲ್ಲಿ ಇಳಿದು ನಾಲ್ಕು ನ್ಯಾಷನಲ್ ಪಾರ್ಕ್: ರಾಕಿ ಮೌಂಟನ್, ಗ್ರ್ಯಾಂಡ್ ಟೀಟನ್, ಯೆಲ್ಲೋಸ್ಟೋನ್, ಗ್ಲೇಸಿಯರ್, ವಾಪಸ್ ಡೆನ್ವರ್. 9 ರಾತ್ರಿ, ಎಲ್ಲ ಟೆಂಟಲ್ಲೇ. ನೋಡಿ ಓಕೆ ಹೇಳಿ. ನಾಳೆ ಟಿಕೆಟ್ ಮಾಡುವ.

ಗುರು ಬ್ರಹ್ಮಾವರ: ಗಮ್ಮತ್ತುಂಟು ಮಾರಾಯ. ನನ್ನದು ಓಕೆ.

ಇಕ್ಬಾಲ್ ಬಂದರು: ಫೈನಲ್ ಅಂತ ಹೆಸರಿಟ್ಟ ಫೈಲ್ ಇವತ್ತಿನವರೆಗೆ ಫೈನಲ್ ಆದದ್ದಿಲ್ಲ.

ಲವಿನಾ ಡೆನ್ವರ್: ಪ್ರಸನ್ನ, 9ನೇ ದಿನ ಗ್ಲೇಸಿಯರಿಂದ ಡೆನ್ವರಿಗೆ ಒಂದೇ ಓಟ ಅಂತ ಹಾಕಿದ್ದಿ. ಅದು 1,400 ಕಿ.ಮೀ.ಗಿಂತ ಹೆಚ್ಚುಂಟು. ಕುಡ್ಲದಿಂದ ಬೆಂಗಳೂರಿಗೆ ಹೋಗಿ, ಬಂದು, ಪುನಃ ಹೋಗಿ ಬಂದ ಹಾಗೆ. ಮರುದಿನ ಬೆಳಿಗ್ಗೆ ವಿಮಾನ ಬೇರೆ.

ಪ್ರಸನ್ನ ಕಾಪು: ಮ್ಯಾಪಲ್ಲಿ 14 ಗಂಟೆ ತೋರಿಸ್ತದೆ. ಓಡಿಸ್ಲಿಕ್ಕೆ ಮೂರು ಜನ ಇದ್ದೇವೆ. ಅಲ್ಲಿಯ ರಸ್ತೆ ಎಂತ ಶಿರಾಡಿಯಾ?

ಲವಿನಾ ಡೆನ್ವರ್: ಮ್ಯಾಪಿನ 14 ಗಂಟೆಯಲ್ಲಿ ಟೆಂಟ್ ಬಿಚ್ಚುದು ಸೇರಿಲ್ಲ. ಏಳು ಜನರ ಸಾಮಾನು ಕಟ್ಟಿ ಗಾಡಿಗೆ ಏರಿಸ್ಲಿಕ್ಕೆ ಒಂದೂವರೆ ಗಂಟೆ ಬೇಕೇ ಬೇಕು. ಬೆಳಿಗ್ಗೆ ಟೆಂಟಿನ ಮೇಲ್ಹೊದಿಕೆ ಇಬ್ಬನಿಗೆ ಚಂಡಿಯಾಗಿರ್ತದೆ. ಒಣಗ್ಲಿಕ್ಕೆ ಬಿಡದೆ ಒಳಟೆಂಟಿನ ಜತೆ ಒಂದೇ ಚೀಲಕ್ಕೆ ತುರುಕಿದ್ರೆ ರಾತ್ರಿ ಬಿಚ್ಚುವಾಗ ಮಲಗುವ ಜಾಗವೂ ಚಂಡಿ. ನಿನ್ನ ಪಟ್ಟಿಯಲ್ಲಿ ಐದು ಸಲ ಕಟ್ಟಿ ಐದು ಸಲ ಬಿಚ್ಚುದುಂಟು. ಮತ್ತೆ ಯೆಲ್ಲೋಸ್ಟೋನ್ ಒಳಗಿನ ದೊಡ್ಡ ಸುತ್ತು 229 ಕಿ.ಮೀ., ವೇಗದ ಮಿತಿ ಗಂಟೆಗೆ 72. ಕಾಡುಕೋಣದ ಹಾಗಿನ ಬೈಸನ್ ಹಿಂಡು ರಸ್ತೆಯಲ್ಲಿ ನಿಂತ್ರೆ ಅದು ಹೋಗುವವರೆಗೆ ನೀನೂ ನಿಂತೆ. ಹಾರ್ನ್ ಹಾಕ್ಲಿಕ್ಕೂ ಇಲ್ಲ.

ಶೈಲಜಾ ಮಣಿಪಾಲ: ನನಗೆ ಮಂಡೆಬೆಚ್ಚ ಆದದ್ದು 2ನೇ ದಿನದ್ದು. ಸಮುದ್ರ ಮಟ್ಟದಿಂದ ಹೊರಟವರು ಇಳಿದ ರಾತ್ರಿಯೇ ಗ್ಲೇಸಿಯರ್ ಬೇಸಿನಲ್ಲಿ ಮಲಗುದು, ಮರುದಿನ ಬೆಳಿಗ್ಗೆ ಟ್ರೇಲ್ ರಿಜ್ ರಸ್ತೆ. ಬೇಸಿನ್ ಸುಮಾರು 2,590 ಮೀಟರ್. ಮುಳ್ಳಯ್ಯನಗಿರಿಯ ತುದಿಯೇ 1,930! ಟ್ರೇಲ್ ರಿಜ್ 3,713 ಮೀಟರಿಗೆ ಏರ್ತದೆ. ತಲೆನೋವು, ವಾಂತಿ, ನಿದ್ರೆ ಇಲ್ಲದ್ದು ಗ್ಯಾರಂಟಿ ಹೇಳ್ಬಹುದು ಕೆಲವರಿಗೆ.

ಪ್ರಸನ್ನ ಕಾಪು: ಒಂದು ನಿಮಿಷ, ಗ್ಲೇಸಿಯರ್ ಕೊನೆಗಲ್ವಾ ಬರುದು?

ಲವಿನಾ ಡೆನ್ವರ್: ಗ್ಲೇಸಿಯರ್ ಬೇಸಿನ್ ಅಂದ್ರೆ ರಾಕಿ ಮೌಂಟನ್ ಪಾರ್ಕಿನ ಒಳಗಿನ ಕ್ಯಾಂಪ್‌ಗ್ರೌಂಡ್. ಗ್ಲೇಸಿಯರ್ ಪಾರ್ಕ್ ಕೆನಡಾ ಗಡಿಯಲ್ಲಿ. ನಿನ್ನ ಪಟ್ಟಿಯಲ್ಲಿ ಎರಡಕ್ಕೂ ಒಂದೇ ಬಣ್ಣ ಹಾಕಿದ್ದಿ, ಅದಕ್ಕೇ ಗೊಂದಲ.

ಇಕ್ಬಾಲ್ ಬಂದರು: 😂

ಶೈಲಜಾ ಮಣಿಪಾಲ: ಮೊದಲ ರಾತ್ರಿ ಡೆನ್ವರಲ್ಲೇ ಉಳಿಯುವ, ಅದು 1,600 ಮೀಟರ್. ಮೇಲೆ ಬೇಸಿನಲ್ಲಿ ಎರಡು ರಾತ್ರಿ, ಟ್ರೇಲ್ ರಿಜ್ ಮೂರನೇ ಬೆಳಿಗ್ಗೆ. ಎತ್ತರದ ತಲೆನೋವು, ವಾಂತಿ ತಡೆಯುವ ಅಸೆಟಝೋಲಮೈಡ್ ಮಾತ್ರೆ ಬೇಕಾದವರು ಏರುವ ಹಿಂದಿನ ದಿನದಿಂದ 125 ಮಿ.ಗ್ರಾಂ. ದಿನಕ್ಕೆ ಎರಡು ಸಲ. ಆದರೆ ಸಲ್ಫಾ ಅಲರ್ಜಿ, ಕಿಡ್ನಿ ತೊಂದರೆ ಇದ್ದವರು ನನಗೆ ಖಾಸಗಿಯಾಗಿ ಹೇಳಿ, ಗುಂಪಿನಲ್ಲಿ ಬೇಡ. ಗುರು, ಮೊದಲ ಎರಡು ರಾತ್ರಿ ಬಾಟ್ಲಿ ತೆಗೀಲಿಕ್ಕಿಲ್ಲ.

ಗುರು ಬ್ರಹ್ಮಾವರ: ಹೆಸರು ಹೇಳಿ ಯಾಕೆ ಹೇಳುದು ಮಾರಾಯ್ತಿ.

ಇಕ್ಬಾಲ್ ಬಂದರು: ಇನ್ನೊಂದು. ಸಾಲು 14: ಯೆಲ್ಲೋಸ್ಟೋನಿನ ಮ್ಯಾಡಿಸನ್ ಕ್ಯಾಂಪ್‌ಗ್ರೌಂಡ್, ಸೈಟ್ 1, ಜನ 7. ಅಲ್ಲಿ ಟೆಂಟ್ ಹಾಕುವ ಒಂದು ಸೈಟಿಗೆ ಆರು ಜನವೇ ಲಿಮಿಟ್ ಅಲ್ವಾ?

ಲವಿನಾ ಡೆನ್ವರ್: ಹೌದು. ಯೆಲ್ಲೋಸ್ಟೋನಲ್ಲೂ ಟೀಟನಲ್ಲೂ ಆರು. ರಾಕಿ ಮೌಂಟನಲ್ಲಿ ಮಾತ್ರ ಎಂಟು. ಏಳನೆಯವರಿಗಾಗಿ ಇನ್ನೊಂದು ಸೈಟ್ ಹಣ ಕೊಟ್ಟು ಹಿಡೀಬೇಕು. ಗಾಡಿಯೂ ಹಾಗೇ. ಏಳು ಸೀಟಿನ ವ್ಯಾನಲ್ಲಿ ಏಳು ಜನ ಕೂತ್ರೆ ಹಿಂದೆ ಎರಡು ಸೂಟ್‌ಕೇಸಿಗೆ ಜಾಗ. ಟೆಂಟ್, ಚಾಪೆ, ಒಲೆ, ಐಸ್‌ಪೆಟ್ಟಿಗೆ ಎಲ್ಲಿಗೆ? ಎರಡು ಗಾಡಿ ಬೇಕು.

ಬುಕಿಂಗ್ ವಿಷಯವೂ ಕೇಳಿ. ರಾಕಿ ಮೌಂಟನ್, ಟೀಟನ್ ಎರಡೂ ಆರು ತಿಂಗಳು ಮೊದಲು ತೆರೀತದೆ. ಅಂದ್ರೆ ಜುಲೈಯದ್ದು ಈ ವಾರವೇ. ತೆರೆದ ಹತ್ತು ನಿಮಿಷಕ್ಕೆ ಖಾಲಿ ಆಗುವ ಜಾಗ ಅವು. ಯೆಲ್ಲೋಸ್ಟೋನಿನ ದೊಡ್ಡ ಕ್ಯಾಂಪ್‌ಗ್ರೌಂಡುಗಳು ವರ್ಷಕ್ಕಿಂತ ಮೊದಲೇ ತೆರೆದಾಗಿದೆ. ಅಲ್ಲಿ ಯಾರಾದ್ರೂ ಕ್ಯಾನ್ಸಲ್ ಮಾಡಿದ್ದನ್ನು ಹಿಡಿಯುದೇ ದಾರಿ. ಆದ್ದರಿಂದ ವಿಮಾನದ ಟಿಕೆಟ್ ಮೊದಲಲ್ಲ, ಸೈಟ್ ಮೊದಲು.

ಶೈಲಜಾ ಮಣಿಪಾಲ: ಮ್ಯಾಡಿಸನಲ್ಲಿ ಸ್ನಾನಕ್ಕೆ ಎಂತ ವ್ಯವಸ್ಥೆ?

ಲವಿನಾ ಡೆನ್ವರ್: ಇಲ್ಲ. ಯೆಲ್ಲೋಸ್ಟೋನಿನ ಗ್ರಾಂಟ್, ಕ್ಯಾನ್ಯನ್ ಕ್ಯಾಂಪ್‌ಗ್ರೌಂಡುಗಳಲ್ಲಿ ಶವರ್ ಉಂಟು. ಟೀಟನಿನ ಕೋಲ್ಟರ್ ಬೇಯಲ್ಲಿ ಶವರ್, ಬಟ್ಟೆ ಒಗೆಯುವ ಮೆಷಿನ್ ಎರಡೂ ಉಂಟು. ಬೇಸಿನಲ್ಲಿ ಇಲ್ಲ.

ಶೈಲಜಾ ಮಣಿಪಾಲ: ಹಾಗಾದ್ರೆ ಮ್ಯಾಡಿಸನ್ ತೆಗೆದು ಗ್ರಾಂಟ್ ಹಾಕಿ. ಚರ್ಚೆ ಬೇಡ.

ಗುರು ಬ್ರಹ್ಮಾವರ: ಇನ್ನು ನನ್ನ ವಿಭಾಗ. ಅಡಿಗೆ. ಕುಚ್ಚಲಕ್ಕಿ 6 ಕೆ.ಜಿ., ಒಣ ನಂಗ್ ಮೀನು 1 ಕೆ.ಜಿ., ಒಣ ಸಿಗಡಿ ಚಟ್ನಿ, ಮಜ್ಜಿಗೆ ಮೆಣಸು, ಹಪ್ಪಳ, ತೆಂಗಿನೆಣ್ಣೆ 1 ಲೀಟರ್. ಗ್ಯಾಸ್ ಉಳಿಸ್ಲಿಕ್ಕೆ ನಮ್ಮ ಥರ್ಮಲ್ ಕುಕ್ಕರ್. ಹತ್ತು ನಿಮಿಷ ಕುದಿಸಿ ಪೆಟ್ಟಿಗೆಯೊಳಗೆ ಇಟ್ಟು ತಿರುಗ್ಲಿಕ್ಕೆ ಹೋದ್ರೆ ಬರುವಾಗ ಗಂಜಿ ರೆಡಿ.

ಲವಿನಾ ಡೆನ್ವರ್: ಅಕ್ಕಿ ಸೂಟ್‌ಕೇಸಲ್ಲಿ ಬರ್ಲಿಕ್ಕಿಲ್ಲ. ಖಾಪ್ರಾ ಅಂತ ಒಂದು ಧಾನ್ಯದ ಹುಳ, ಅದರ ಹೆದರಿಕೆಗೆ ಭಾರತದಿಂದ ಪ್ರಯಾಣಿಕರು ಅಕ್ಕಿ ತರುದನ್ನು ಅಮೆರಿಕ ನಿಲ್ಲಿಸಿದೆ. ಕಸ್ಟಮ್ಸಲ್ಲಿ ತೆಗೆದು ಬಿಸಾಡ್ತಾರೆ, ಹೇಳದೆ ತಂದ್ರೆ ದಂಡವೂ ಬೀಳ್ತದೆ. ಕೆಂಪು ಕುಚ್ಚಲಕ್ಕಿ ಡೆನ್ವರಿನ ಇಂಡಿಯನ್ ಅಂಗಡಿಯಲ್ಲಿ ತೆಗೀಬಹುದು.

ಇಕ್ಬಾಲ್ ಬಂದರು: ಥರ್ಮಲ್ ಕುಕ್ಕರ್ ಅಲ್ಲಿ ಕೆಲಸ ಮಾಡುದಿಲ್ಲ ಗುರು. ಪ್ರತಿ 300 ಮೀಟರಿಗೆ ಕುದಿಬಿಂದು ಹೆಚ್ಚುಕಮ್ಮಿ ಒಂದು ಡಿಗ್ರಿ ಇಳೀತದೆ. ಬೇಸಿನಲ್ಲಿ ನೀರು 91-92ಕ್ಕೇ ಕುದೀತದೆ. ನಮ್ಮಲ್ಲಿ 100ರಲ್ಲಿ ಪೆಟ್ಟಿಗೆಗೆ ಹೋಗಿ ಗಂಟೆ ಕಳೆದ್ರೂ ಅನ್ನ ಅರಳುವಷ್ಟು ಬಿಸಿ ಉಳೀತದೆ. ಅಲ್ಲಿ ಶುರುವಾಗುವಾಗಲೇ ಎಂಟು ಡಿಗ್ರಿ ಕಮ್ಮಿ, ಹೊರಗೆ ಬೆಳಿಗ್ಗೆ ನಾಲ್ಕೈದು ಡಿಗ್ರಿ ಚಳಿ. ಕುಚ್ಚಲಕ್ಕಿಯ ಹೊಟ್ಟೆ ಒಡೆಯುದಿಲ್ಲ. ಹಲ್ಲಿಗೆ ಸಿಗ್ತದೆ, ಅಷ್ಟೇ.

ಗುರು ಬ್ರಹ್ಮಾವರ: ಹಾಗಾದ್ರೆ ತೆರೆದ ಪಾತ್ರೆಯಲ್ಲಿ ಒಂದು ಗಂಟೆ ಬೇಯಿಸುವ. ಎಂತ ಅರ್ಜೆಂಟ್?

ಇಕ್ಬಾಲ್ ಬಂದರು: ಗ್ಯಾಸ್ ಲೆಕ್ಕ ನೋಡು. ಅಲ್ಲಿ ಎಲ್ಲ ಕಡೆ ಸಿಗುದು ಹಸಿರು ಪ್ರೊಪೇನ್ ಬಾಟ್ಲಿ, 465 ಗ್ರಾಂ. ಒಂದು ಬರ್ನರ್ ಪೂರ್ತಿ ಉರಿದ್ರೆ ಎರಡು ಗಂಟೆ ಬರ್ತದೆ. ಬರೀ ಅನ್ನಕ್ಕೆ ಅರ್ಧ ಬಾಟ್ಲಿ ಹೋದ್ರೆ ಚಾ, ಸಾರು, ಪಾತ್ರೆ ತೊಳೆಯುವ ಬಿಸಿನೀರು ಯಾವುದರಲ್ಲಿ? ಸೀಟಿ ಕುಕ್ಕರೇ ಬೇಕು. ಸಮುದ್ರ ಮಟ್ಟದಲ್ಲಿ ಒಳಗೆ 121 ಡಿಗ್ರಿ ಅಂತಾದ್ರೆ ಅಲ್ಲಿ ಸುಮಾರು 117. ಆದ್ದರಿಂದ ಸೀಟಿ ಎಣಿಸ್ಬೇಡಿ, ಗಡಿಯಾರ ನೋಡಿ. ಮನೆಯಲ್ಲಿ ಇಡುವುದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ಹೊತ್ತು.

ಮತ್ತೊಂದು, 5 ಲೀಟರ್ ಕುಕ್ಕರಲ್ಲಿ ಏಳು ಜನಕ್ಕೆ ಒಂದೇ ಸಲ ಆಗ್ಲಿಕ್ಕಿಲ್ಲ. 700 ಗ್ರಾಂ ಅಕ್ಕಿ, ಅದಕ್ಕೆ ನಾಲ್ಕು ಪಾಲು ನೀರು, ಒಟ್ಟು ನಾಲ್ಕು ಲೀಟರ್ ದಾಟ್ತದೆ. ಅನ್ನಕ್ಕೆ ಅರ್ಧದ ಮೇಲೆ ತುಂಬಿಸ್ಲಿಕ್ಕಿಲ್ಲ. ಕುಚ್ಚಲಕ್ಕಿಯ ನೊರೆ ಮೇಲೆ ಬಂದು ವೆಯ್ಟ್ ಕೂರುವ ನಳಿಗೆಯಲ್ಲಿ ಅಂಟಿ ಕೂರ್ತದೆ, ಆಮೇಲೆ ಹೋಗುದು ಸೇಫ್ಟಿ ವಾಲ್ವ್. ಯೆಲ್ಲೋಸ್ಟೋನಲ್ಲಿ ಬಿಡಿ ವಾಲ್ವ್ ಯಾವ ಅಂಗಡಿಯಲ್ಲಿ ಹುಡುಕ್ತಿ? 350 ಗ್ರಾಮಿನ ಹಾಗೆ ಎರಡು ಸಲ ಇಡು. ವಾಲ್ವ್ ಒಂದು, ಗ್ಯಾಸ್ಕೆಟ್ ಒಂದು ಹೆಚ್ಚಿಗೆ ತಾ.

ಗುರು ಬ್ರಹ್ಮಾವರ: ಬೆಳಿಗ್ಗೆ ನೆನೆಹಾಕಿ ಹೋದ್ರೆ ಬೇಗ ಆಗ್ತದೆ.

ಲವಿನಾ ಡೆನ್ವರ್: ನೆನೆದ ಅಕ್ಕಿ ಮೇಜಿನ ಮೇಲೆ ಬಿಟ್ಟು ಹೋಗ್ಲಿಕ್ಕಿಲ್ಲ. ಕರಡಿಗೆ ವಾಸನೆ ಬರುವಂಥದ್ದು ಎಂತದ್ದೂ ಹೊರಗೆ ಇರ್ಬಾರದು: ಅನ್ನ, ತರಕಾರಿ, ತೊಳೆಯದ ತಟ್ಟೆ, ಒಲೆ, ಐಸ್‌ಪೆಟ್ಟಿಗೆ, ಸೋಪು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ. ಸೈಟಿನ ಕಬ್ಬಿಣದ ಕರಡಿಪೆಟ್ಟಿಗೆಯೊಳಗೆ, ಇಲ್ಲದಿದ್ರೆ ಗ್ಲಾಸು ಏರಿಸಿ ಲಾಕ್ ಮಾಡಿದ ಗಾಡಿಯೊಳಗೆ. ಪೆಟ್ಟಿಗೆಯ ಕೊಂಡಿ ‘ಟಕ್’ ಅಂತ ಕೂತಿದಾ ಅಂತ ಕೈ ಹಾಕಿ ಎಳೆದು ನೋಡ್ಬೇಕು. ನೆನೆಹಾಕಿದ ಪಾತ್ರೆಯೂ ಮುಚ್ಚಳ ಹಾಕಿ ಅದರೊಳಗೇ.

ಗಂಜಿ ತಿಳಿ ಬಸಿದು ಮರದ ಬುಡಕ್ಕೆ ಚೆಲ್ಲುದು ಅಂತ ಯೋಚನೆ ಇದ್ರೆ ಈಗಲೇ ಬಿಡಿ. ಜರಡಿಯಲ್ಲಿ ಅಗುಳು ತೆಗೆದು ಕಸಕ್ಕೆ, ನೀರು ಪಾತ್ರೆ ತೊಳೆಯುವ ಸಿಂಕಿಗೆ. ಬಸಿಯದೆ ಕುಡಿದು ಮುಗಿಸಿದ್ರೆ ಇನ್ನೂ ಒಳ್ಳೆದು.

ಗುರು ಬ್ರಹ್ಮಾವರ: ಒಣ ಮೀನು?

ಲವಿನಾ ಡೆನ್ವರ್: ಡೆನ್ವರಿನ ನನ್ನ ಫ್ರೀಜರಲ್ಲಿ ಇಟ್ಟು ಬನ್ನಿ.

ಗುರು ಬ್ರಹ್ಮಾವರ: ಎಂತ ಮಾತಾಡ್ತಿ ಮಾರಾಯ್ತಿ. ಗಂಜಿಗೆ ನಂಗ್ ಸುಟ್ಟದ್ದು ಇಲ್ಲದಿದ್ರೆ ಎಂತ ಚಪ್ಪೆ ಊಟ ಅದು. ಸೀಲ್ ಮಾಡಿ ಪೆಟ್ಟಿಗೆಯೊಳಗೆ ಇಟ್ರೆ ಆಯ್ತಲ್ಲ?

ಲವಿನಾ ಡೆನ್ವರ್: ಇಡುದು ಕಷ್ಟ ಅಲ್ಲ, ಸುಡುದು ಕಷ್ಟ. ಆ ಹೊಗೆ ಅಂಗಿಗೆ, ತಲೆಗೂದಲಿಗೆ, ಟೆಂಟಿನ ಬಟ್ಟೆಗೆ ಹಿಡೀತದೆ. ಟೆಂಟಿನ ಬಟ್ಟೆಯಿಂದ ವಾರವಾದ್ರೂ ಹೋಗುದಿಲ್ಲ. ಅಡಿಗೆ ಮಾಡಿದ ಅಂಗಿಯಲ್ಲಿ ಮಲಗ್ಲಿಕ್ಕಿಲ್ಲ ಅಂತ ಅಲ್ಲಿ ಹೇಳುದು ಸುಮ್ಮನೆ ಅಲ್ಲ. ಯೆಲ್ಲೋಸ್ಟೋನಲ್ಲಿ ಫಿಶಿಂಗ್ ಬ್ರಿಜ್ ಅಂತ ಒಂದು ಕ್ಯಾಂಪ್‌ಗ್ರೌಂಡುಂಟು, ಗ್ರಿಜ್ಲಿ ಕರಡಿ ಓಡಾಡುವ ಜಾಗ ಅಂತ ಅಲ್ಲಿ ಬಟ್ಟೆಯ ಟೆಂಟಿಗೇ ಅವಕಾಶ ಇಲ್ಲ, ಗಟ್ಟಿ ಗೋಡೆಯ ವಾಹನ ಮಾತ್ರ. ಜನರ ಊಟದ ರುಚಿ ಹತ್ತಿದ ಕರಡಿಯನ್ನು ಕಡೆಗೆ ಕೊಲ್ಲುದೇ ಆಗ್ತದೆ. ಸಿಗಡಿ ಚಟ್ನಿ ಪುಡಿ ಸಣ್ಣ ಗಾಜಿನ ಬಾಟ್ಲಿಯಲ್ಲಿ ತನ್ನಿ, ಅದಕ್ಕೆ ಬೆಂಕಿ ಬೇಡ. ನಂಗ್ ಬೇಡ.

ಇಕ್ಬಾಲ್ ಬಂದರು: ತೆಂಗಿನೆಣ್ಣೆಯೂ ಅಗಲ ಬಾಯಿಯ ಡಬ್ಬದಲ್ಲಿ. 24 ಡಿಗ್ರಿ ಕೆಳಗೆ ಅದು ಗಟ್ಟಿ. ಸಪೂರ ಕುತ್ತಿಗೆಯ ಬಾಟ್ಲಿ ತಂದ್ರೆ ಬೆಳಿಗ್ಗೆ ಒಗ್ಗರಣೆಗೆ ಕಡ್ಡಿ ಹಾಕಿ ತೋಡಿಕೊಂಡು ಕೂರ್ಬೇಕು.

ಶೈಲಜಾ ಮಣಿಪಾಲ: ಕರಡಿ ಸ್ಪ್ರೇ ಇಲ್ಲಿಂದ ತರಿಸುದಾ?

ಲವಿನಾ ಡೆನ್ವರ್: ವಿಮಾನದಲ್ಲಿ ಕೈಚೀಲಕ್ಕೂ ಇಲ್ಲ, ಲಗೇಜಿಗೂ ಇಲ್ಲ. ದಾರಿಯಲ್ಲಿ ತೆಗೆಯುವ. ರಾಕಿ ಮೌಂಟನಲ್ಲಿ ಗ್ರಿಜ್ಲಿ ಇಲ್ಲ, ಟೀಟನಿಂದ ಮೇಲೆ ಬೇಕು. ನಡೆಯುವಾಗ ಸೊಂಟಕ್ಕೆ ಇರ್ಬೇಕು, ಬೆನ್ನಿನ ಚೀಲದೊಳಗೆ ಇದ್ರೆ ಇದ್ದೂ ಇಲ್ಲದ ಹಾಗೆ. ನುಸಿಗೆ ಹೊಡೆದ ಹಾಗೆ ಮೈಗೆ, ಟೆಂಟಿಗೆ ಹೊಡೆಯುದಲ್ಲ ಅದು, ಮೈಮೇಲೆ ಬರುವ ಕರಡಿಗೆ 9ರಿಂದ 18 ಮೀಟರಿನೊಳಗೆ. ಬಿಸಿಲಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಬಿಡ್ಬೇಡಿ, ಡಬ್ಬ ಒಡೀತದೆ. ಮತ್ತೆ ಫೋಟೊದವರು ಗಮನಿಸಿ: ಕರಡಿ, ತೋಳದಿಂದ 91 ಮೀಟರ್, ಬೈಸನ್, ಎಲ್ಕ್ ಜಿಂಕೆಯಿಂದ 23 ಮೀಟರ್ ದೂರ.

ಪ್ರಸನ್ನ ಕಾಪು: ಎಲ್ಲ ಸರಿ. ಆದ್ರೆ ನೀವು ಎಲ್ಲರೂ ಸೇರಿ ಗ್ಲೇಸಿಯರನ್ನು ಕತ್ತರಿಸ್ತಾ ಇದ್ದೀರಿ ಅಂತ ನನಗೆ ಗೊತ್ತಾಗ್ತದೆ. ಗೋಯಿಂಗ್-ಟು-ದ-ಸನ್ ರಸ್ತೆ ನೋಡ್ಲಿಕ್ಕೇ ಈ ಪಟ್ಟಿ ಮಾಡಿದ್ದು. ಕಡಿದ ಬಂಡೆಯ ಬದಿಯಲ್ಲಿ 80 ಕಿ.ಮೀ. ರಸ್ತೆ ಮಾಡಿ 1933ರಲ್ಲಿ ಉದ್ಘಾಟನೆ ಮಾಡಿದ್ದಾರೆ. ವರ್ಷದಲ್ಲಿ ಮೂರು ನಾಲ್ಕು ತಿಂಗಳು ಮಾತ್ರ ಪೂರ್ತಿ ತೆರೆದಿರ್ತದೆ, ನಮ್ಮ ತಾರೀಕು ಸರಿಯಾಗಿ ಅದರೊಳಗೆ ಬೀಳ್ತದೆ. ಟೀಟನ್ ಬೇಕಾದ್ರೆ ಬಿಡುವ.

ಶೈಲಜಾ ಮಣಿಪಾಲ: ಟೀಟನ್ ಬಿಟ್ರೆ ಯೆಲ್ಲೋಸ್ಟೋನಿಗೆ ಹಾರಿ ಹೋಗುದಾ? ಅದು ದಾರಿಯಲ್ಲೇ ಉಂಟಲ್ಲ.

ಲವಿನಾ ಡೆನ್ವರ್: ಪ್ರಸನ್ನನ ಮಾತಲ್ಲಿ ಸುಳ್ಳಿಲ್ಲ. ಗ್ಲೇಸಿಯರ್ ಬೇಕೇ ಬೇಕಾದ್ರೆ ಡೆನ್ವರಿಗೆ ವಾಪಸ್ ಬರುದನ್ನು ಬಿಡಿ. ಗ್ಲೇಸಿಯರ್ ಹತ್ತಿರದ ಕ್ಯಾಲಿಸ್ಪೆಲ್ಲಿಂದ ವಿಮಾನ ಹಿಡಿಯುದು. ಆದ್ರೆ ಬಾಡಿಗೆ ಗಾಡಿ ಬೇರೆ ಊರಲ್ಲಿ ಬಿಟ್ರೆ ಅದಕ್ಕೆ ಬೇರೆ ಹಣ, ಎರಡು ಗಾಡಿಗೆ ಎರಡು ಸಲ. ಕನಿಷ್ಠ 13 ದಿನ ಬೇಕು. ಆರ್‌ವಿ, ಅಂದ್ರೆ ಒಳಗೇ ಮಲಗುವ ದೊಡ್ಡ ಗಾಡಿಯ ಯೋಚನೆಯೂ ಬೇಡ: ಆ ರಸ್ತೆಯ ಎತ್ತರದ ಭಾಗದಲ್ಲಿ 6.4 ಮೀಟರಿಗಿಂತ ಉದ್ದದ ಗಾಡಿ ಬಿಡುದಿಲ್ಲ.

ಇಕ್ಬಾಲ್ ಬಂದರು: ನನಗೆ 10 ದಿನಕ್ಕಿಂತ ಹೆಚ್ಚು ರಜೆ ಇಲ್ಲ. 13 ಅಂದ್ರೆ ನಾನು ಔಟ್.

ಗುರು ಬ್ರಹ್ಮಾವರ: ಇಕ್ಬಾಲ್ ಔಟ್ ಆದ್ರೆ ಆರು ಜನ. ಒಂದೇ ಸೈಟ್ ಸಾಕು 😄

ಲವಿನಾ ಡೆನ್ವರ್: 10 ದಿನದ್ದೇ ಆದ್ರೆ ಹೀಗೆ: ಡೆನ್ವರ್ 1 ರಾತ್ರಿ, ಬೇಸಿನ್ 2, ದಾರಿಯಲ್ಲಿ ಡುಬೋಯಿಸ್ ಅಂತ ಸಣ್ಣ ಊರಲ್ಲಿ ಮೋಟೆಲ್ 1, ಕೋಲ್ಟರ್ ಬೇ 2, ಗ್ರಾಂಟ್ 2, ವಾಪಸ್ ಬರುವಾಗ ರಾಲಿನ್ಸ್ ಊರಲ್ಲಿ 1. ಟೆಂಟ್ ಮೂರೇ ಸಲ. ಬೇಸಿನಿಂದ ಟೀಟನಿಗೆ ಸುಮಾರು 700 ಕಿ.ಮೀ., ಅದಕ್ಕೇ ನಡುವೆ ಮೋಟೆಲ್, ಕತ್ತಲೆಯಲ್ಲಿ ಟೆಂಟ್ ಕಟ್ಟುದು ತಪ್ತದೆ. ರಾಲಿನ್ಸಲ್ಲಿ ಟ್ಯಾಂಕ್ ಫುಲ್ ಮಾಡ್ಬೇಕು, ಲ್ಯಾಂಡರ್ ತನಕ 200 ಕಿ.ಮೀ. ಪೇಟೆ ಅಂತ ಹೇಳುವಂಥದ್ದು ಎಂತದ್ದೂ ಇಲ್ಲ. ಮ್ಯಾಪ್ ಫೋನಲ್ಲಿ ಮೊದಲೇ ಇಳಿಸಿ ಇಟ್ಕೊಳ್ಳಿ, ಸಿಗ್ನಲ್ ನಂಬ್ಲಿಕ್ಕಿಲ್ಲ.

ಮಲಗುವ ಚೀಲದಲ್ಲಿ ‘ಕಂಫರ್ಟ್’ ಅಂತ ಬರೆದ ಡಿಗ್ರಿ ನೋಡಿ, ‘ಲಿಮಿಟ್’ ಅಲ್ಲ. ಗ್ರಾಂಟಲ್ಲಿ ಜುಲೈಯಲ್ಲೂ ರಾತ್ರಿ ಸೊನ್ನೆಯ ಹತ್ತಿರ ಹೋಗ್ಬಹುದು. ಚೀಲಕ್ಕಿಂತ ಕೆಳಗಿನ ಚಾಪೆ ಮುಖ್ಯ, ಚಳಿ ನೆಲದಿಂದ ಬರುದು.

ಇಕ್ಬಾಲ್ ಬಂದರು: ಪ್ರವೇಶದ ಹಣ ಪಟ್ಟಿಯಲ್ಲಿ 35 ಡಾಲರ್ ಅಂತ ಉಂಟು. ಅದು ಹಳೆಯದು. ಈ ಜನವರಿ 1ರಿಂದ ಹೊರದೇಶದವರಿಗೆ ಈ ನಾಲ್ಕೂ ಪಾರ್ಕಲ್ಲಿ ತಲೆಗೆ 100 ಡಾಲರ್ ಹೆಚ್ಚಿಗೆ, ಇಲ್ಲದಿದ್ರೆ 250 ಡಾಲರಿನ ವರ್ಷದ ಪಾಸ್. ಅಲ್ಲಿಯವರಿಗೆ ಪಾಸ್ 80. ಲವಿನಾನನ್ನು ಬಿಟ್ಟು ಆರು ಜನ, ಮೂರು ಪಾರ್ಕ್, ಲೆಕ್ಕ ನೀವೇ ಹಾಕಿ. ಒಂದು ಪಾಸಿಗೆ ಗಾಡಿಯಲ್ಲಿ ಎಷ್ಟು ಜನ ಅಂತ ಬುಕ್ ಮಾಡುವ ದಿನ ಪಾರ್ಕಿನ ಪುಟದಲ್ಲೇ ಓದಿ, ಫಾರ್ವರ್ಡ್ ನಂಬ್ಬೇಡಿ.

ಪ್ರಸನ್ನ ಕಾಪು: ಗ್ಲೇಸಿಯರ್ ಬಿಟ್ಟದ್ದಕ್ಕೆ ನನಗೆ ಸಮಾಧಾನ ಇಲ್ಲ. ಹೇಳಿ ಇಡ್ತೇನೆ.

ಶೈಲಜಾ ಮಣಿಪಾಲ: ಇಟ್ಟದ್ದಾಯ್ತು. ಪಟ್ಟಿ ತಿದ್ದು.

ಪ್ರಸನ್ನ ಕಾಪು: [ಫೈಲ್: ಅಮೆರಿಕ_ಕ್ಯಾಂಪಿಂಗ್_ಫೈನಲ್_2]

ಗುರು ಬ್ರಹ್ಮಾವರ: ನಂಗ್ ಅರ್ಧ ಕೆ.ಜಿ. ಆದ್ರೂ?

ಲವಿನಾ ಡೆನ್ವರ್: ಇಲ್ಲ.

ಇಕ್ಬಾಲ್ ಬಂದರು: ಪ್ರಸನ್ನ, ಸಾಲು 14. ಗ್ರಾಂಟ್, ಸೈಟ್ 1, ಜನ 7.