ಅಲೆಪ್ಪಿ ಹೌಸ್‌ಬೋಟ್: ಮಂಡಿನೋವಿರುವ ಅತ್ತೆಯನ್ನು ಕರೆದುಕೊಂಡು ಹೋಗಬಹುದೇ?

ತುಮಕೂರಿನ ಸೊಸೆ:
ಜನವರಿ ಕೊನೆಗೆ ಅಲೆಪ್ಪಿಗೆ ಹೋಗಬೇಕೆಂದಿದ್ದೇವೆ. ನಾವಿಬ್ಬರು, 7 ವರ್ಷದ ಮಗಳು, ಎಪ್ಪತ್ತು ದಾಟಿದ ಅತ್ತೆ. ಅತ್ತೆಗೆ ಮಂಡಿನೋವು, ಮೆಟ್ಟಿಲು ಆಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಆದರೆ ನೀರಿನ ಮೇಲೆ ಒಂದು ರಾತ್ರಿ ಮಲಗಬೇಕೆಂಬುದು ಅವರದೇ ಆಸೆ. ಏಜೆಂಟರು ‘21 ಗಂಟೆಯ ಪ್ಯಾಕೇಜ್’ ಎನ್ನುತ್ತಾರೆ. ಅಷ್ಟು ಹೊತ್ತೂ ದೋಣಿ ಓಡುತ್ತದೆಯೇ? ಹೋಗಿಬಂದವರು ದಯವಿಟ್ಟು ತಿಳಿಸಿ.

ಜಯನಗರ 4ನೇ ಬ್ಲಾಕ್:
ಓಡುವುದಿಲ್ಲ. ಮಧ್ಯಾಹ್ನ 12ರ ಸುಮಾರಿಗೆ ಹತ್ತಿಸಿಕೊಂಡು ಸಂಜೆ ಐದೂವರೆಗೆ ದಡಕ್ಕೆ ಕಟ್ಟಿಬಿಡುತ್ತಾರೆ. ಬೆಳಗ್ಗೆ ಚಿಕ್ಕದೊಂದು ಸುತ್ತು, 9ಕ್ಕೆ ಇಳಿಸುತ್ತಾರೆ. ಸಾಧಾರಣ ದರ್ಜೆಯದರಲ್ಲಿ ಎ.ಸಿ. ರಾತ್ರಿ ಮಾತ್ರ. ಕ್ರಿಸ್‌ಮಸ್ ರಜೆಯಲ್ಲಿ ಹೋಗಿದ್ದೆವು, ದೋಣಿ ಹತ್ತುವ ಪುನ್ನಮಡದಲ್ಲಿ ದೋಣಿಗಳದೇ ಸಂತೆ. ನನ್ನನ್ನು ಕೇಳಿದರೆ ಹಗಲು ಮೂರು ಗಂಟೆ ಸುತ್ತಾಡಿ, ರಾತ್ರಿಗೆ ಹೋಟೆಲಿಗೆ ಹೋಗುವುದು ಮೇಲು.

ಕಾಸರಗೋಡಿನ ನಿವೃತ್ತ:
ತಂಗೀ, ಅತ್ತೆಯವರನ್ನು ಕರೆದುಕೊಂಡೇ ಹೋಗಿ. ರಾತ್ರಿಯೂ ನೀರಿನ ಮೇಲೇ ಇರಿ. ಬ್ಯಾಂಕಿನ ಕೆಲಸದಲ್ಲಿ ಬಹಳ ವರ್ಷ ಆ ಕಡೆ ಇದ್ದವನು ನಾನು. ಸಾಲದ ಅರ್ಜಿ ಹಿಡಿದು ಕೈನಕರಿ, ನೆಡುಮುಡಿಯ ಮನೆಗಳಿಗೆ ದೋಣಿಯಲ್ಲೇ ಹೋಗುತ್ತಿದ್ದೆ. ಆ ನೀರು, ಅಲ್ಲಿಯ ಜನ ಎಂದರೆ ನನಗೆ ಇಂದಿಗೂ ಪ್ರಾಣ.

ಸಂಜೆ ದೋಣಿ ನಿಲ್ಲಿಸುವುದಕ್ಕೆ ಕಾರಣವಿದೆ. ಆ ಹೊತ್ತಿಗೆ ಮೀನುಗಾರರು ಬಲೆ ಬಿಡುತ್ತಾರೆ. ದೊಡ್ಡ ದೋಣಿ ಓಡಾಡಿದರೆ ಬಲೆ ಹರಿದು ಅವರ ಅನ್ನ ಹೋಗುತ್ತದೆ. ಹಾಗಾಗಿ ಎಷ್ಟು ದೂರ ಓಡಿಸುತ್ತಾರೆ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಕಟ್ಟುತ್ತಾರೆ ಎಂದು ಕೇಳಿ. ಜೆಟ್ಟಿಯ ಗದ್ದಲದಲ್ಲಿ ಬೇಡ, ಗದ್ದೆಯ ಬದುವಿಗೆ ಕಟ್ಟಿಸಿ.

ಮಂಡಿಯ ವಿಚಾರ. ಮೇಲಂತಸ್ತಿನ ದೋಣಿ ಬೇಡ. ಒಂದೇ ಅಂತಸ್ತಿನ, ಎರಡು ಕೋಣೆಯದನ್ನು ಹಿಡಿಯಿರಿ. ಅದರಲ್ಲಿ ಮುಂಭಾಗದ ಜಗಲಿ, ಕೋಣೆ, ಶೌಚಾಲಯ ಎಲ್ಲವೂ ಒಂದೇ ಮಟ್ಟದಲ್ಲಿರುತ್ತವೆ. ನಿಜವಾದ ತೊಂದರೆ ಇರುವುದು ಹತ್ತುವಾಗ. ದೋಣಿಗಳನ್ನು ಒಂದರ ಪಕ್ಕ ಒಂದು ಕಟ್ಟಿರುತ್ತಾರೆ. ನಿಮ್ಮದು ಮೂರನೆಯದಾದರೆ ಎರಡು ದೋಣಿ ದಾಟಬೇಕು. ದಡಕ್ಕೇ ತಾಗಿಸಿ, ಅಗಲವಾದ ಹಲಗೆ ಹಾಕಿಕೊಡಬೇಕೆಂದು ಮುಂಗಡ ಕೊಡುವ ಮೊದಲೇ ಹೇಳಿ.

ಊಟಕ್ಕೆ ಹೆದರಬೇಡಿ, ದೋಣಿಯಲ್ಲೇ ಅಡುಗೆಯವನಿರುತ್ತಾನೆ. ಹಿಂದಿನ ದಿನವೇ ತಿಳಿಸಿದರೆ ಓಲನ್, ಅವಿಯಲ್‌ನಂಥ ತರಕಾರಿ ಅಡುಗೆ ಮಾಡಿಸಬಹುದು. ಎರಡಕ್ಕೂ ಈರುಳ್ಳಿ, ಬೆಳ್ಳುಳ್ಳಿ ಬೇಕಿಲ್ಲ. ಕರಿಮೀನು ಹುರಿದ ಬಾಣಲೆ ಬೇಡವೆಂದು ಬಾಯಿಬಿಟ್ಟು ಹೇಳಿ. ಅನ್ನ ಕೆಂಪು ಕುಚ್ಚಲಕ್ಕಿಯದು. ಅತ್ತೆಯವರಿಗೆ ಒಗ್ಗದಿದ್ದರೆ ಬೆಳ್ತಿಗೆ (ಬಿಳಿ) ಅಕ್ಕಿ ಕೇಳಿ.

ಜನವರಿ ಒಳ್ಳೆಯ ತಿಂಗಳು. ಅಲೆಪ್ಪಿ ಸುತ್ತಲಿನ ತಗ್ಗುಪ್ರದೇಶವಾದ ಕುಟ್ಟನಾಡಿನ ಗದ್ದೆಗಳು ಸಮುದ್ರ ಮಟ್ಟಕ್ಕಿಂತ ಕೆಳಗಿವೆ. ನೀರನ್ನು ಪಂಪಿನಿಂದ ಹೊರಚೆಲ್ಲಿ, ಬದುಗಳ ಆಸರೆಯಲ್ಲಿ ಭತ್ತ ಬೆಳೆಯುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಈ ಬೇಸಾಯವನ್ನು ಜಾಗತಿಕ ಕೃಷಿ ಪರಂಪರೆಯೆಂದು ಗುರುತಿಸಿತು. ಮಗಳಿಗೆ ಅದನ್ನು ತೋರಿಸಿ: ದೋಣಿ ಮೇಲೆ, ಪೈರು ಕೆಳಗೆ! ಉಪ್ಪುನೀರು ಒಳಬಾರದಂತೆ ಆ ತಿಂಗಳುಗಳಲ್ಲಿ ವೇಂಬನಾಡು ಸರೋವರಕ್ಕೆ ಅಡ್ಡಲಾಗಿರುವ ತಣ್ಣೀರ್ಮುಕ್ಕಂ ಅಣೆಯ ಬಾಗಿಲು ಮುಚ್ಚಿರುತ್ತಾರೆ. ಇದರಿಂದ ಪೈರು ಉಳಿಯುತ್ತದೆ, ಆದರೆ ನೀರು ನಿಂತು ಅಂತರಗಂಗೆ ಹಬ್ಬುತ್ತದೆ, ಕೊಳೆ ಕಡಲಿಗೆ ಹೋಗುವುದಿಲ್ಲ. ಆದ್ದರಿಂದ ಒಂದು ಪ್ರಶ್ನೆಯನ್ನು ಮರೆಯದೆ ಕೇಳಿ: ಶೌಚದ ಟ್ಯಾಂಕನ್ನು ಎಲ್ಲಿ ಖಾಲಿ ಮಾಡುತ್ತೀರಿ? ತಡವರಿಸಿದರೆ ಆ ದೋಣಿ ಬೇಡ. ಅಲ್ಲಿಯ ಹೆಂಗಸರು ಪಾತ್ರೆ ತೊಳೆಯುವುದು, ಮಕ್ಕಳು ಈಜುವುದು ಅದೇ ನೀರಿನಲ್ಲಿ. ವೇಂಬನಾಡು 2002ರಿಂದ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿದ್ದರೂ ಅದನ್ನು ಕಾಯಬೇಕಾದವರು ದೋಣಿಯವರೂ ನಾವೂ.

ಲೈಫ್ ಜಾಕೆಟ್‌ಗಳನ್ನು ಎಣಿಸಿ ನೋಡಿ, ಮಗುವಿನ ಅಳತೆಯದು ಇದೆಯೇ ಎಂದು ಖಚಿತಪಡಿಸಿಕೊಳ್ಳಿ. 2023ರ ಮೇ 7ರಂದು ಕೇರಳದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಜನ ಸತ್ತರು. ಮಿತಿಮೀರಿ ಜನ ತುಂಬಿದ್ದ ದೋಣಿ ಅದು.

ಇನ್ನೊಂದು ಮಾತು. ಇಂದು ಹೌಸ್‌ಬೋಟ್ ಆಗಿರುವ ಈ ಕೆಟ್ಟುವಳ್ಳಗಳು (ಹೊಲಿದು ಕಟ್ಟಿದ ದೋಣಿಗಳು) ಹಿಂದೆ ಭತ್ತ ಸಾಗಿಸುತ್ತಿದ್ದವು. ಒಂದು ಮೊಳೆಯೂ ಇಲ್ಲದೆ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ಅಷ್ಟು ದೊಡ್ಡ ದೋಣಿ ಕಿರುಗಾಲುವೆಗೆ ನುಗ್ಗಲಾರದು. ನಿಜವಾದ ಕುಟ್ಟನಾಡು ಇರುವುದೇ ಆ ಕಾಲುವೆಗಳಲ್ಲಿ. ಅತ್ತೆಯವರು ವಿಶ್ರಾಂತಿ ಪಡೆಯುತ್ತಿರುವಾಗ ನೀವು ಮೂವರು ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿ ಒಂದು ಗಂಟೆ ಹೋಗಿಬನ್ನಿ.

ಸುಳ್ಯದ ಅಡಿಕೆ:
ಜನಜಂಗುಳಿ ಬೇಡವಾದರೆ ನೀಲೇಶ್ವರದ ಬಳಿ ಕೋಟ್ಟಪ್ಪುರದಿಂದಲೂ ಹೌಸ್‌ಬೋಟ್ ಹೊರಡುತ್ತವೆ, ವಲಿಯಪರಂಬ ಹಿನ್ನೀರಿಗೆ. ಕೊಡಗಿನ ಕಡೆಯ ಬೆಟ್ಟದಲ್ಲಿ ಹುಟ್ಟುವ ತೇಜಸ್ವಿನಿ ಹೊಳೆ ಸೇರುವುದು ಅಲ್ಲೇ. ಮಂಗಳೂರಿನವರಿಗೆ ಬಹಳ ಹತ್ತಿರ. ದೋಣಿಗಳು ಕಡಿಮೆ, ಸಮುದ್ರ ಪಕ್ಕದಲ್ಲೇ.

ತುಮಕೂರಿನ ಸೊಸೆ:
ಹಿರಿಯರೇ, ನಿಮ್ಮ ಉತ್ತರವನ್ನು ಅತ್ತೆಗೆ ಓದಿ ಹೇಳಿದೆ. ಓಲನ್ ಹೇಗೆ ಮಾಡುತ್ತಾರೆಂದು ಈಗಲೇ ಕೇಳುತ್ತಿದ್ದಾರೆ! ಅಲೆಪ್ಪಿಯೇ ಎಂದು ನಿಶ್ಚಯಿಸಿದೆವು. ರೈಲಿನಲ್ಲಿ ಎಲ್ಲಿ ಇಳಿಯಬೇಕು?

ಕಾಸರಗೋಡಿನ ನಿವೃತ್ತ:
ಬೆಂಗಳೂರಿನಿಂದ ರಾತ್ರಿ ಹೊರಡುವ ಕನ್ಯಾಕುಮಾರಿ ಎಕ್ಸ್‌ಪ್ರೆಸ್‌ನಲ್ಲಿ ಬೆಳಗ್ಗೆ ಎರ್ನಾಕುಲಂ ಟೌನ್‌ನಲ್ಲಿ ಇಳಿಯಿರಿ. ಅಲ್ಲಿಂದ ಕಾರಿನಲ್ಲಿ ಸುಮಾರು 60 ಕಿ.ಮೀ. ಅತ್ತೆಯವರಿಗೆ ಕೆಳಗಿನ ಬರ್ತ್ ಕೇಳಿ. ಓಲನ್‌ಗೆ ಬೂದುಗುಂಬಳ, ಅಲಸಂದೆ, ತೆಂಗಿನ ಹಾಲು, ಹಸಿಮೆಣಸು, ಕರಿಬೇವು. ಇಳಿಸಿದ ಮೇಲೆ ಹಸಿ ತೆಂಗಿನೆಣ್ಣೆ ಒಂದು ಚಮಚ. ಒಗ್ಗರಣೆ ಬೇಡ.