ಮೆದುಳಿನ ಚಿಪ್ ಬಗ್ಗೆ ಕಥೆ: ನಿಜವಾದ ವಿಜ್ಞಾನದಿಂದ ಏನು ತಗೊಳ್ಳಲಿ?

ಪ್ರಶ್ನೆ:
ವೈಜ್ಞಾನಿಕ ಕಥೆಯೊಂದನ್ನು ಬರೆಯುತ್ತಿದ್ದೇನೆ. ನಾಯಕಿ ಸಣ್ಣ ಊರಿನ ಟೈಲರ್. ಪಾರ್ಶ್ವವಾಯು ಹೊಡೆದು ಮಾತು ನಿಂತಿದೆ, ಮೆದುಳಿಗೆ ಚಿಪ್ ಹಾಕುತ್ತಾರೆ. ಚಿಪ್ ಅವಳ ಮನಸ್ಸನ್ನೆಲ್ಲ ಓದುತ್ತೆ ಅಂತ ಬರೆದರೆ ಸುಮ್ನೆ ಮಾಯಾಮಂತ್ರ ಆಗುತ್ತೆ, ಅಲ್ವಾ? ನಿಜದಲ್ಲಿ ಎಷ್ಟು ಸಾಧ್ಯ?

ಉತ್ತರ 1:
2023ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚುಕಡಿಮೆ ಇದೇ ನಡೆಯಿತು. ಮಾತು ಕಳೆದುಕೊಂಡಿದ್ದ ಮಹಿಳೆಯೊಬ್ಬರ ಮೆದುಳಿನ ಮೇಲೆ 253 ಎಲೆಕ್ಟ್ರೋಡ್ (ಮೆದುಳಿನ ವಿದ್ಯುತ್ ಸಂಕೇತ ಹಿಡಿಯುವ ಪುಟ್ಟ ಬಿಂದುಗಳು) ಇಟ್ಟರು. ಚಿಪ್ ಓದಿದ್ದು ಯೋಚನೆಯನ್ನಲ್ಲ. ತುಟಿ, ನಾಲಿಗೆ, ದವಡೆ ಆಡಿಸಲು ಅವರು ಯತ್ನಿಸಿದಾಗ ಹೊರಡುವ ಸಂಕೇತಗಳನ್ನು. ಕಂಪ್ಯೂಟರ್ ಅದನ್ನು ನಿಮಿಷಕ್ಕೆ ಸುಮಾರು 78 ಪದಗಳಂತೆ ಬರಹವಾಗಿಸಿತು. ಮಾತಾಗಿಯೂ ಕೇಳಿಸಿತು. ಆ ಮಾತಿಗೆ ಕೊಟ್ಟ ದನಿ ಅವರದ್ದೇ, ಹಳೆಯ ಮದುವೆ ವಿಡಿಯೋದಿಂದ ತೆಗೆದದ್ದು! ನಿಮ್ಮ ಟೈಲರ್‌ಗೆ ಒಬ್ಬ ಮಗಳಿದ್ದು, ಕಂಪ್ಯೂಟರ್‌ನಿಂದ ಅಮ್ಮನ ಮದುವೆ ದಿನದ ದನಿ ಬಂದರೆ ಆ ಮಗಳಿಗೆ ಹೇಗನ್ನಿಸುತ್ತೆ? ನಾನಾಗಿದ್ದರೆ ಕಥೆಯನ್ನು ಅಲ್ಲಿಂದಲೇ ಶುರು ಮಾಡುತ್ತಿದ್ದೆ.

ಉತ್ತರ 2:
ಚಿಪ್ ಹಾಕಿದ ಮೇಲೆ ಏನಾಗುತ್ತೆ ಅನ್ನೋದನ್ನೂ ಯೋಚಿಸಿ. ಅಮೆರಿಕದ ಆರ್ಗಸ್ 2 ಅನ್ನೋ ಕೃತಕ ದೃಷ್ಟಿ ಸಾಧನವನ್ನು ಸುಮಾರು 350 ಜನ ಕಣ್ಣಿಗೆ ಹಾಕಿಸಿಕೊಂಡಿದ್ದರು. ಕಂಪನಿ ಅದನ್ನು ಕೈಬಿಟ್ಟಿತು. ಕೆಟ್ಟರೆ ರಿಪೇರಿಗೆ ದಿಕ್ಕಿಲ್ಲದಂತಾಯಿತು. ದೇಹದೊಳಗಿನ ವಸ್ತು ಹಾಗೆ ಅನಾಥವಾಗೋದು ನನ್ನನ್ನು ಬಹಳ ಕಾಡುತ್ತೆ. ಇದರ ಬಗ್ಗೆ ಕನ್ನಡದಲ್ಲಿ ಯಾರಾದರೂ ಬರೆಯಲೇಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಗಳ ಕಣ್ಣಿನಿಂದಲೇ ಬರೆಯುತ್ತೇನೆ. ಮದುವೆ ವಿಡಿಯೋ ಬದಲು, ಅಮ್ಮ ಸೋಬಾನೆ ಹಾಡಿದ ಹಳೇ ಕ್ಯಾಸೆಟ್ ಸಿಗುತ್ತೆ. ಆದರೆ ಒಂದು ಸಂಶಯ: ಬರೀ ಹಾಡಿನ ರೆಕಾರ್ಡಿಂಗ್ ಇದ್ದರೆ ಅದರಿಂದ ಮಾತಿನ ದನಿ ಕಟ್ಟೋಕೆ ಆಗುತ್ತಾ? ಗೊತ್ತಿದ್ದವರು ಹೇಳಿ.