ಅವರು ನಿಯಮ ಮುರಿದರೂ ನಾವು ಯಾಕೆ ಪಾಲಿಸಬೇಕು? ಜಿನೀವಾ ಒಪ್ಪಂದದ 13ನೇ ವಿಧಿ ಬಗ್ಗೆ

ಮಲಪ್ರಭಾ_ಲಾ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಎಲ್‌ಎಲ್‌ಬಿ ಓದುತ್ತಿದ್ದೇನೆ. ಊರು ಬೈಲಹೊಂಗಲ ಹತ್ತಿರ. ಈ ಸೆಮಿಸ್ಟರ್‌ನಲ್ಲಿ ಅಂತರರಾಷ್ಟ್ರೀಯ ಮಾನವೀಯ ಕಾನೂನು ತಗೊಂಡಿದ್ದೇನೆ. ಯುದ್ಧ ನಡೆಯುವಾಗಲೂ ಯಾರನ್ನು ಮುಟ್ಟಬಾರದು, ಏನು ಮಾಡಬಾರದು ಅಂತ ಹೇಳುವ ಕಾನೂನು ಅದು. ಸೆಮಿನಾರ್‌ಗೆ ನನ್ನ ಪಾಲಿಗೆ ಬಂದಿದ್ದು 1949ರ ಮೂರನೇ ಜಿನೀವಾ ಒಪ್ಪಂದ, ಯುದ್ಧಕೈದಿಗಳದ್ದು.

13ನೇ ವಿಧಿಯಲ್ಲಿ ಸಿಕ್ಕಿಹಾಕಿಕೊಂಡೆ. ಕೈದಿಯನ್ನು ಮನುಷ್ಯನ ಹಾಗೆ ನೋಡಿಕೊಳ್ಳಬೇಕು, ಹಿಂಸೆ ಕೊಡಬಾರದು ಅನ್ನುವುದು ಸರಿ. ಕೊನೆಯ ಸಾಲು ಮಾತ್ರ ಕಷ್ಟ. ಕೈದಿಗಳ ಮೇಲೆ ಪ್ರತೀಕಾರ ತೀರಿಸಿಕೊಳ್ಳುವಂತಿಲ್ಲ. ಕ್ಲಾಸಲ್ಲಿ ಇದನ್ನು ಓದಿದ ಕೂಡಲೇ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಅವರು ನಮ್ಮವರ ಉಗುರು ಕೀಳಿದರೂ ನಾವು ಅವರ ಕಡೆಯವರಿಗೆ ಬಿಸಿ ಊಟ ಬಡಿಸಬೇಕಾ?"

ಉತ್ತರ ಹೊಳೆಯಲಿಲ್ಲ. ನಮ್ಮಣ್ಣ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದಾನೆ. ಬೆಳಗಾವಿ ಸೆಂಟರ್‌ನಲ್ಲಿ ಅವನು ತರಬೇತಿ ಮುಗಿಸಿ ಪ್ರಮಾಣ ಮಾಡಿದ ಕಸಂ ಪರೇಡ್‌ಗೆ ಮನೆಯವರೆಲ್ಲ ಹೋಗಿದ್ದೆವು. ಆ ಹುಡುಗ ಕೇಳಿದಾಗ ನನಗೂ ಒಳಗೊಳಗೇ "ಹೌದಲ್ವಾ" ಅನಿಸಿಬಿಟ್ಟಿತು. ಶುಕ್ರವಾರ ಮತ್ತೆ ನಿಂತು ಮಾತಾಡಬೇಕು. ನಂಬದೆ ಮಾತಾಡಲು ನನಗೆ ಇಷ್ಟವಿಲ್ಲ.

ಇನ್ನೊಂದು. ಅದೇ ವಿಧಿಯಲ್ಲಿ 'ಪಬ್ಲಿಕ್ ಕ್ಯೂರಿಯಾಸಿಟಿ'ಯಿಂದ ಕೈದಿಯನ್ನು ಕಾಪಾಡಬೇಕು ಅಂತಿದೆ. 'ಸಾರ್ವಜನಿಕ ಕುತೂಹಲ' ಅಂತ ಬರೆದುಕೊಂಡೆ. ಓದಿದರೆ ಏನೂ ಅರ್ಥವಾಗುವುದಿಲ್ಲ. ಕನ್ನಡದಲ್ಲಿ ಹೇಗೆ ಹೇಳಬಹುದು?

ವಕೀಲ_ಬಸವನಗುಡಿ:

ಮೊದಲು ಒಂದನೇ ವಿಧಿಗೆ ಹೋಗಿ. ನಾಲ್ಕೂ ಜಿನೀವಾ ಒಪ್ಪಂದಗಳಲ್ಲಿ ಅದು ಒಂದೇ. "ಎಲ್ಲ ಸಂದರ್ಭಗಳಲ್ಲೂ" ಪಾಲಿಸುತ್ತೇವೆ ಅಂತ ಒಪ್ಪಿಕೊಂಡಿದ್ದಾರೆ. ನೀನು ಪಾಲಿಸಿದರೆ ನಾನು ಪಾಲಿಸುತ್ತೇನೆ ಅನ್ನುವ ಷರತ್ತು ಎಲ್ಲೂ ಇಲ್ಲ. ಒಪ್ಪಂದಗಳ ಬಗ್ಗೆಯೇ ಇರುವ 1969ರ ವಿಯೆನ್ನಾ ಒಪ್ಪಂದದಲ್ಲೂ ಇದೇ ಮಾತಿದೆ, 60ನೇ ವಿಧಿಯಲ್ಲಿ. ಒಂದು ಕಡೆಯವರು ಒಪ್ಪಂದ ಮುರಿದರೆ ಇನ್ನೊಂದು ಕಡೆಯವರು ಕೈಬಿಡಬಹುದು, ಆದರೆ ಮನುಷ್ಯರನ್ನು ಕಾಪಾಡುವ ನಿಯಮಗಳಿಗೆ ಇದು ಲಾಗೂ ಆಗುವುದಿಲ್ಲ ಅಂತ. ಭಾರತ ಆ ಒಪ್ಪಂದಕ್ಕೆ ಸೇರಿಲ್ಲ, ಆದರೂ ತತ್ವ ತಿಳಿದಿರಲಿ.

ನಮ್ಮ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯನ್ನೂ ಓದಿ. ಅದರ 17ನೇ ಕಲಂ ಪ್ರಕಾರ ಸರ್ಕಾರದ ಕಡೆಯಿಂದ ದೂರು ಬಂದರೆ ಮಾತ್ರ ಕೋರ್ಟ್ ಕೇಸು ತಗೊಳ್ಳುತ್ತದೆ. ಗೋವಾದ ಪಾದ್ರಿ ಮೊಂಟೇರೊ ಅವರ ಕೇಸಿನಲ್ಲಿ, 1969ರಲ್ಲಿ, ಈ ಕಾಯ್ದೆ ಖಾಸಗಿ ವ್ಯಕ್ತಿಗೆ ನೇರ ಪರಿಹಾರ ಕೊಡುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಕಾನೂನಿನ ದೊಡ್ಡ ಕೊರತೆ ಇದು. ಸೆಮಿನಾರ್‌ನಲ್ಲಿ ಬಿಡಬೇಡಿ.

ಸೋಮವಾರಪೇಟೆ_ಮೇಷ್ಟ್ರು:

ಅಮ್ಮಾ, ನೀನು ಅಂತಲೇ ಬರೆಯುತ್ತೇನೆ, ನನ್ನ ಮೊಮ್ಮಗಳ ವಯಸ್ಸಿನವಳು. ನಾನು ವಕೀಲನಲ್ಲ. ಹೈಸ್ಕೂಲಿನಲ್ಲಿ ಪಾಠ ಮಾಡಿ ರಿಟೈರ್ ಆದವನು. ನಮ್ಮ ತಂದೆ ಹವಾಲ್ದಾರ್ ಆಗಿದ್ದರು. 1972ರಲ್ಲಿ ರಾಂಚಿಯ ಕ್ಯಾಂಪಿನಲ್ಲಿ ಪಾಕಿಸ್ತಾನದ ಯುದ್ಧಕೈದಿಗಳ ಕಾವಲಿಗಿದ್ದರು.

1971ರ ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾದ ಮೇಲೆ ಸುಮಾರು 93 ಸಾವಿರ ಜನ ನಮ್ಮ ಕೈಗೆ ಬಂದರು, ಸೈನಿಕರ ಜೊತೆ ನಾಗರಿಕರೂ ಸೇರಿ. ಅಷ್ಟು ಜನಕ್ಕೆ ಜಾಗ ಎಲ್ಲಿಂದ ತರೋದು? ನಮ್ಮ ಜವಾನರು ಬ್ಯಾರಕ್ ಬಿಟ್ಟುಕೊಟ್ಟು ಟೆಂಟಿಗೆ ಹೋದರು. ಕೈದಿಗಳ ವಸತಿ ನಮ್ಮ ಸೈನಿಕರ ವಸತಿಗಿಂತ ಕಡಿಮೆ ಇರಬಾರದು ಅಂತ 25ನೇ ವಿಧಿ ಹೇಳುತ್ತದಲ್ಲ, ಅದು. ತಂದೆಗೆ ಮಾತ್ರ ಅದು ನುಂಗಲಾರದ ತುತ್ತಾಗಿತ್ತು. ಅವರ ಜೊತೆಯ ಹುಡುಗನೊಬ್ಬ ಆ ಯುದ್ಧದಲ್ಲಿ ಸತ್ತಿದ್ದ. "ಅವನನ್ನು ಕೊಂದವರಿಗೆ ನನ್ನ ಮಂಚ, ನನಗೆ ಚಳಿ" ಅಂತ ರಜೆಗೆ ಬಂದಾಗ ನಮ್ಮ ತಾಯಿ ಹತ್ತಿರ ಹೇಳಿದ್ದು ನನಗೆ ನೆನಪಿದೆ. ನಾನಾಗ ಹದಿನೈದರ ಹುಡುಗ. ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.

ಆಮೇಲೆ ಅವರಿಗೆ ಕೈದಿಗಳ ಟಪಾಲು ಚೀಲದ ಕೆಲಸ ಬಿತ್ತು. ಕೈದಿಯೊಬ್ಬನಿಗೆ ತಿಂಗಳಿಗೆ ಕಡಿಮೆ ಅಂದರೂ ಎರಡು ಕಾಗದ, ನಾಲ್ಕು ಕಾರ್ಡ್ ಬರೆಯಲು ಬಿಡಬೇಕು. 71ನೇ ವಿಧಿ ನೋಡು. ಉರ್ದು ಬಲ್ಲ ಸುಬೇದಾರರೊಬ್ಬರು ಓದಿ ಪಾಸ್ ಮಾಡುತ್ತಿದ್ದರು. ಒಂದು ದಿನ ಒಂದು ಕಾರ್ಡನ್ನು ಗಟ್ಟಿಯಾಗಿ ಓದಿದರಂತೆ. ಎಮ್ಮೆ ಈಯಿತಾ? ಗಂಡು ಕರುವೋ ಹೆಣ್ಣೋ? ಚಿಕ್ಕಪ್ಪನ ಸಾಲ ತೀರಿತಾ? ಅಷ್ಟೇ ಇದ್ದಿದ್ದು. ತಂದೆ ಅದರ ಹಿಂದಿನ ವಾರ ಮನೆಗೆ ಬರೆದಿದ್ದ ಕಾಗದದಲ್ಲೂ ಇದೇ ಇತ್ತು. ಹಸು ಈಯಿತಾ, ಕಾಫಿ ಕೊಯ್ಲು ಮುಗೀತಾ. ಆ ಮೇಲೆ ಅವರು ಮಂಚದ ಮಾತು ಎತ್ತಲಿಲ್ಲ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಉಗುರು ಕಿತ್ತವನು ಒಬ್ಬ. ನಿನ್ನ ಕೈಯಲ್ಲಿರುವವನು ಇನ್ನೊಬ್ಬ. ಬಂದೂಕು ಕೆಳಗಿಟ್ಟು ಕೈ ಎತ್ತಿದವನು. ಕಿತ್ತವನನ್ನು ಹಿಡಿದು ವಿಚಾರಣೆ ಮಾಡು, ಶಿಕ್ಷೆ ಕೊಡು. ಕಾನೂನು ಅದಕ್ಕೆ ಅಡ್ಡಿ ಬರುವುದಿಲ್ಲ, ಮಾಡಲೇಬೇಕು ಅನ್ನುತ್ತದೆ. ಇನ್ನೊಬ್ಬನ ಮೈಮೇಲೆ ಮುಯ್ಯಿ ತೀರಿಸಬೇಡ ಅನ್ನುವುದಷ್ಟೇ ಈ ಸಾಲು. ಮತ್ತೆ ಇದನ್ನೂ ಯೋಚಿಸು. ಯಾವ ಸೈನ್ಯವೂ ನಾವೇ ಶುರು ಮಾಡಿದೆವು ಅನ್ನುವುದಿಲ್ಲ. ಎರಡೂ ಕಡೆಯವರಿಗೆ ತಾವು ಮಾಡುವುದು ಪ್ರತೀಕಾರವೇ. ಒಂದು ಸಲ ಬಾಗಿಲು ತೆರೆದರೆ ನಿಮ್ಮಣ್ಣನಂಥವರು ಅತ್ತ ಸಿಕ್ಕಾಗ ಹೊಡೆಯುವವನ ಬಾಯಲ್ಲೂ ಇದೇ ಮಾತು ಇರುತ್ತದೆ.

ನಮ್ಮ ಕೊಡಗಿನಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಸಂಗತಿ. 1965ರಲ್ಲಿ ಜನರಲ್ ಕಾರ್ಯಪ್ಪನವರ ಮಗ, ವಾಯುಪಡೆಯಲ್ಲಿದ್ದವರು, ಪಾಕಿಸ್ತಾನದಲ್ಲಿ ಸೆರೆ ಸಿಕ್ಕರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್, ದೇಶ ಭಾಗವಾಗುವ ಮೊದಲಿನ ಹಳೇ ಸೈನ್ಯದಲ್ಲಿ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನನ್ನು ಬಿಡುತ್ತೇವೆ ಅಂತ ಹೇಳಿ ಕಳಿಸಿದರು. ಕಾರ್ಯಪ್ಪನವರು ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಇವನಿಗೆ ಬೇರೆ ಲೆಕ್ಕ ಬೇಡ ಅಂದರು. ಮಗ ಉಳಿದವರ ಜೊತೆಯೇ ಮರುವರ್ಷ ಬಂದರು. ತಂದೆಯ ಮಾತಾಗಿ ಇದನ್ನು ಹೊಗಳುತ್ತೇವೆ. ನನಗೆ ಇದರಲ್ಲಿ ಕಾಣುವುದು ಬೇರೆ. ಕೈದಿಯ ಹಕ್ಕು ಯಾರ ದಾಕ್ಷಿಣ್ಯದ ಮೇಲೂ ನಿಲ್ಲಬಾರದು ಅನ್ನೋದು.

ನಮ್ಮದೆಲ್ಲ ಸರಿಯಿತ್ತು ಅಂತ ಹೇಳುತ್ತಿಲ್ಲ. ಕಾದಾಟ ನಿಂತ ಮೇಲೆ ತಡಮಾಡದೆ ಕೈದಿಗಳನ್ನು ಬಿಡಬೇಕು ಅಂತ 118ನೇ ವಿಧಿ ಹೇಳುತ್ತದೆ. ನಾವು ಕಳಿಸಲು ಶುರು ಮಾಡಿದ್ದು 1973ರ ಆಗಸ್ಟ್‌ನ ದೆಹಲಿ ಒಪ್ಪಂದ ಆದ ಮೇಲೆ, ಮುಗಿದದ್ದು 1974ರ ಏಪ್ರಿಲ್‌ನಲ್ಲಿ. ಪಾಕಿಸ್ತಾನ ಬಾಂಗ್ಲಾದೇಶಕ್ಕೆ ಮಾನ್ಯತೆ ಕೊಡೋದು, ಯುದ್ಧಾಪರಾಧದ ಆರೋಪ ಇದ್ದ 195 ಜನರ ವಿಚಾರಣೆ ಅಂತ ಕಾರಣಗಳಿದ್ದವು. ಆದರೂ ಎಮ್ಮೆ ಈಯಿತಾ ಅಂತ ಬರೆದವನಿಗೆ ಆ ಎರಡು ವರ್ಷ ಎರಡು ವರ್ಷವೇ. ಇದನ್ನೂ ಕ್ಲಾಸಿನಲ್ಲಿ ಹೇಳು.

'ಕುತೂಹಲ' ಬೇಡ. ನಮ್ಮ ಮಾತಿನಲ್ಲಿ "ನಾಲ್ಕು ಜನರ ಮುಂದೆ ನಿಲ್ಲಿಸೋದು" ಅಂತೀವಲ್ಲ, ಅದೇ ಇದು. 2019ರ ಫೆಬ್ರವರಿ 27ಕ್ಕೆ ನಮ್ಮ ವಾಯುಪಡೆಯ ಪೈಲಟ್ ಅಭಿನಂದನ್ ಪಾಕಿಸ್ತಾನದಲ್ಲಿ ಸೆರೆ ಸಿಕ್ಕಾಗ ಮುಖದಲ್ಲಿ ರಕ್ತ ಇದ್ದ ವಿಡಿಯೊ ಎಲ್ಲರ ಫೋನಿಗೂ ಬಂತು. ನಮ್ಮ ಸರ್ಕಾರ ಆಕ್ಷೇಪ ಎತ್ತಿತು. ನಾವೂ ಅದನ್ನು ಫಾರ್ವರ್ಡ್ ಮಾಡಿದೆವು ಅನ್ನೋದನ್ನು ಮರೆಯಬಾರದು.

ಮಲಪ್ರಭಾ_ಲಾ:

ಅಜ್ಜಾರ, ಎರಡು ಸಲ ಓದಿದೆ. ಆಮೇಲೆ ಅಣ್ಣನಿಗೆ ಫೋನ್ ಮಾಡಿದೆ. ಸಿಕ್ಕಿಬಿದ್ದರೆ ಹೆಸರು, ರ‍್ಯಾಂಕ್, ನಂಬರ್, ಹುಟ್ಟಿದ ತಾರೀಕು ಅಷ್ಟೇ ಹೇಳಬೇಕು ಅಂತ ಅವನಿಗೆ ಬಾಯಿಪಾಠ ಇದೆ. ಅದು 17ನೇ ವಿಧಿ ಅಂತ ಹೇಳಿದೆ. "ಅದಕ್ಕೆ ನಂಬರ್ ಬೇರೆ ಇದೆಯಾ" ಅಂದ.

ವಕೀಲ ಸರ್, ಒಂದು ಅನುಮಾನ. ಎರಡು ದೇಶಗಳ ಯುದ್ಧ ಅಲ್ಲದೆ ದೇಶದ ಒಳಗೇ ಬಂದೂಕು ಹಿಡಿದವರು ಸಿಕ್ಕರೆ ಅವರೂ ಯುದ್ಧಕೈದಿಗಳಾ?

ವಕೀಲ_ಬಸವನಗುಡಿ:

ಅಲ್ಲ. ಅವರ ಮೇಲೆ ದೇಶದ ಕಾನೂನಿನಡಿ ಕೇಸು ಹಾಕಬಹುದು. ಆದರೆ ಅದು ಸಶಸ್ತ್ರ ಸಂಘರ್ಷದ ಮಟ್ಟ ಮುಟ್ಟಿದ್ದರೆ ನಾಲ್ಕೂ ಒಪ್ಪಂದಗಳ 3ನೇ ವಿಧಿ ಕಾಪಾಡುತ್ತದೆ. ಕೊಲೆ, ಚಿತ್ರಹಿಂಸೆ, ಒತ್ತೆಯಾಳು, ಸರಿಯಾದ ವಿಚಾರಣೆ ಇಲ್ಲದೆ ಶಿಕ್ಷೆ, ಇವು ಯಾವುದನ್ನೂ ಮಾಡುವಂತಿಲ್ಲ. ಇಂಥ ಸಂಘರ್ಷಕ್ಕೇ ಅಂತ ಜಿನೀವಾ ಒಪ್ಪಂದಗಳಿಗೆ ಸೇರಿಸಿದ 1977ರ ಎರಡನೇ ಪ್ರೋಟೋಕಾಲ್‌ಗೆ ಭಾರತ ಸೇರಿಲ್ಲ. ಹಾಗಾಗಿ ನಮಗೆ 3ನೇ ವಿಧಿ ಬಹಳ ಮುಖ್ಯ.

ಮಲಪ್ರಭಾ_ಲಾ:

ಥ್ಯಾಂಕ್ಸ್ ಸರ್. 13ನೇ ವಿಧಿಯ ಎರಡು ಸಾಲು ಹೀಗೆ ಬರೆದಿದ್ದೇನೆ, ನೋಡಿ ಹೇಳಿ:

"ಕೈದಿಯನ್ನು ನಾಲ್ಕು ಜನರ ಮುಂದೆ ನೋಟಕ್ಕೆ ನಿಲ್ಲಿಸಬಾರದು. ಅವನ ಕಡೆಯವರು ಏನೇ ಮಾಡಿದ್ದರೂ ಅದರ ಮುಯ್ಯಿಯನ್ನು ಅವನ ಮೈಮೇಲೆ ತೀರಿಸಬಾರದು."

ಸೋಮವಾರಪೇಟೆ_ಮೇಷ್ಟ್ರು:

ಚೆನ್ನಾಗಿದೆ. ಒಂದೇ ಒಂದು ಪದ ತಿದ್ದು. ನಾನೂ ಮೇಲೆ ಅದನ್ನೇ ಬರೆದೆ, ನಿನ್ನ ಸಾಲು ಓದಿದ ಮೇಲೆ ತಪ್ಪು ಅನಿಸಿತು. 'ಕೈದಿ' ಅಂದರೆ ನಮ್ಮ ಜನಕ್ಕೆ ಜೈಲು ನೆನಪಾಗುತ್ತದೆ, ಕಳ್ಳತನ ನೆನಪಾಗುತ್ತದೆ. ಇವನು ತಪ್ಪು ಮಾಡಿ ಒಳಗೆ ಬಂದವನಲ್ಲ. 'ಸೆರೆ ಸಿಕ್ಕ ಸೈನಿಕ' ಅಂತ ಹಾಕು.

41ನೇ ವಿಧಿಯನ್ನೂ ಸೇರಿಸು. ಈ ಒಪ್ಪಂದವನ್ನು ಸೆರೆ ಸಿಕ್ಕವರ ಭಾಷೆಯಲ್ಲೇ ಕ್ಯಾಂಪಿನಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸಬೇಕು ಅಂತಿದೆ. ರಾಂಚಿಯಲ್ಲಿ ಉರ್ದು ಹಾಳೆ ಗೋಡೆಗೆ ಅಂಟಿಸಿದ್ದನ್ನು ತಂದೆ ನೋಡಿದ್ದರು. ಓದು ಬಾರದವರನ್ನು ಕೂರಿಸಿಕೊಂಡು ಓದು ಬಂದವನೊಬ್ಬ ಬೆರಳಿಟ್ಟು ಓದಿ ಹೇಳುತ್ತಿದ್ದನಂತೆ.

ಮಲಪ್ರಭಾ_ಲಾ:

ತಿದ್ದಿದೆ ಅಜ್ಜಾರ. ಎಲ್ಲ ಕಡೆಯೂ 'ಸೆರೆ ಸಿಕ್ಕ ಸೈನಿಕ' ಅಂತಲೇ ಮಾಡಿದೆ. ಹಿಂದಿನ ಬೆಂಚಿನ ಹುಡುಗನಿಗೆ ಒಂದು ಪ್ರತಿ ಇವತ್ತೇ ಕೊಡುತ್ತೇನೆ.